ಅಟ್ಟದ ಮೇಲೆ ಹದಕ್ಕಿಟ್ಟ ಬ್ಯಾಟರಿಯವರ ಸನ್ನಿಧಾನಕ್ಕೆ

ಗೆ,
ಶ್ರೀಮಾನ್ ಬ್ಯಾಟರಿಯವರು,
ಸಂಘದ ಮೋಟಾರು ದೋಣಿಯ ಹಿಂಬದಿ ಹಲಗೆಯ ಕೆಳಗೆ,
ದೊಡ್ಡಕೆರೆ, ಶೆಟ್ಟಿಕೆರೆ ಮಾರ್ಗ.

ಮಾನ್ಯರೇ,

ತಮ್ಮ ಆರು ಕೋಣೆಗಳಲ್ಲಿಯೂ ಸಕಲರೂ ಕ್ಷೇಮವೆಂದು ಭಾವಿಸಿ, ಕ್ಷೇಮವಿಲ್ಲವೆಂಬುದು ಇಡೀ ಊರಿಗೆ ಗೊತ್ತಿದ್ದರೂ ಪತ್ರ ಬರೆಯುವವರು ಹಾಗೆ ಭಾವಿಸಿಯೇ ಶುರು ಮಾಡಬೇಕೆಂದು ಮಿಡ್ಲ್ ಸ್ಕೂಲಿನ ಮೇಷ್ಟ್ರು ಹೇಳಿಕೊಟ್ಟಿದ್ದರಿಂದ, ದೊಡ್ಡಕೆರೆ ಮೀನುಗಾರರ ಸಂಘದ ಕಾರ್ಯದರ್ಶಿಯಾದ ಬೋರಯ್ಯನೆಂಬ ನಾನು, ತಮ್ಮ ಕೂಡುವ ಗುರುತಿನ ಕೊಂಬಿಗೂ ಕಳೆಯುವ ಗುರುತಿನ ಕೊಂಬಿಗೂ ಭೇದವೆಣಿಸದೆ ನಮಸ್ಕರಿಸುತ್ತೇನೆ. ಇತ್ತ ನಾವೂ ಕ್ಷೇಮ. ಕೆರೆ ತುಂಬಿದೆ, ಬಲೆ ಒಣಗಿದೆ, ತಿಮ್ಮಕ್ಕ ಎಂದಿನಂತೆ ಬೈಯುತ್ತಿದ್ದಾಳೆ.

ಈ ಪತ್ರವನ್ನು ಬಹಿರಂಗವಾಗಿ ಬರೆದು ತೂಬಿನ ಕಂಬಕ್ಕೆ ಅಂಟಿಸುತ್ತಿರುವುದನ್ನು ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಖಾಸಗಿಯಾಗಿ ತಮಗೆ ಹೇಳುವಷ್ಟೂ ಹೇಳಿ ಆಗಿದೆ, ಆದರೆ ಅದರಲ್ಲಿ ನಾಲ್ಕು ಜನ ಓದಬಹುದಾದ ಮಾತು ಒಂದೂ ಇರಲಿಲ್ಲ. ನಮ್ಮ ತಾತಂದಿರ ಕಾಲದಿಂದ ನಮ್ಮ ಕೇರಿಯವರೇ ಮೀನು ಹಿಡಿದುಕೊಂಡು ಬಂದಿರುವ ಈ ಕೆರೆ ತಮ್ಮ ದೆಸೆಯಿಂದ ಯಾವನೋ ಪರವೂರಿನ ಕಂಟ್ರಾಕ್ಟರನ ಪಾಲಾಗುವುದರಲ್ಲಿತ್ತು. ಅದು ಹೇಗೆ ಉಳಿಯಿತು, ಉಳಿಸಿದ್ದರಲ್ಲಿ ತಮ್ಮ ಪಾಲೆಷ್ಟು, ಬೇರೆಯವರ ಪಾಲೆಷ್ಟು ಎಂಬುದು ಎಲ್ಲರಿಗೂ ತಿಳಿಯಲಿ ಎಂದಷ್ಟೇ ನನ್ನ ಉದ್ದೇಶ. ಮೀನುಗಾರಿಕೆ ಇಲಾಖೆಯವರ ಕಣ್ಣಿಗೆ ಬಿದ್ದೀತೆಂಬ ಭಯ ನನಗಿಲ್ಲ, ಯಾಕಿಲ್ಲ ಎಂಬುದು ಕೊನೆಯಲ್ಲಿ ಗೊತ್ತಾಗುತ್ತದೆ.

ಹೋದ ವರ್ಷದ ಮಳೆಗಾಲದಲ್ಲಿ, ಸಮುದ್ರಕ್ಕೆಂದು ಮಾಡಿದ ಒಂದು ಪುಟ್ಟ ದೋಣಿ ಸರ್ಕಾರದ ಯಾವುದೋ ಯೋಜನೆಯ ಹೆಸರಿನಲ್ಲಿ ಲಾರಿಯ ಮೇಲೆ ಮಲಗಿಕೊಂಡು ನಮ್ಮೂರಿಗೆ ಬಂದಾಗ, ತಾವು ಅದರ ಹೊಟ್ಟೆಯೊಳಗೆ ಕುಳಿತು ದಯಮಾಡಿಸಿದಿರಿ. ಅಲ್ಲಿಯವರೆಗೆ ಬಿದಿರಿನ ಹರಿಗೋಲಿನಲ್ಲಿ ಗಿರಗಿರ ಸುತ್ತುತ್ತಾ ಬಲೆ ಬೀಸುತ್ತಿದ್ದ ನಮಗೆ, ಕೀಲಿ ತಿರುಗಿಸಿದರೆ ಹೊರಡುವ ಇಂಜಿನ್ನು, ಮೂತಿಗೊಂದು ದೀಪ, ನೆತ್ತಿಗೊಂದು ಹಾರನ್ನು ಇರುವ ದೋಣಿಯನ್ನು ನೋಡಿ ಬಾಯಿ ಕಟ್ಟಿಹೋಯಿತು. ಬಾಯಿ ಕಟ್ಟದವಳು ನನ್ನ ಹೆಂಡತಿ ತಿಮ್ಮಕ್ಕ ಒಬ್ಬಳೇ. ಎದುರಿಗೆ ಬರುವ ವಾಹನವೆಂದರೆ ಈಜುವ ಎಮ್ಮೆ ಮಾತ್ರವಾಗಿರುವ ಕೆರೆಯಲ್ಲಿ ಹಾರನ್ನು ಯಾರಿಗೆ ಹೊಡೆಯುವುದು ಎಂದು ಅವಳು ಕೇಳಿದಾಗ, ನಾನು ಕಾರ್ಯದರ್ಶಿಯ ಗತ್ತಿನಿಂದ, ಸರ್ಕಾರ ಕೊಟ್ಟಿದ್ದಕ್ಕೆಲ್ಲ ಏನಾದರೊಂದು ಉಪಯೋಗ ಇದ್ದೇ ಇರುತ್ತದೆ ಎಂದಿದ್ದೆ. ಆ ಉಪಯೋಗ ಏನೆಂದು ತಿಳಿಯುವುದಕ್ಕೆ ಒಂದು ವರ್ಷ ಹಿಡಿಯಿತು.

ಇಂಜಿನ್ನನ್ನು ಕೈಯಿಂದ ತಿರುಗಿಸುವ ಹ್ಯಾಂಡಲ್ಲು ಮಾತ್ರ ಬರುವ ದಾರಿಯಲ್ಲಿ ಎಲ್ಲೋ ಇಳಿದುಕೊಂಡಿತ್ತು. ಹಾಗಾಗಿ ತಾವು ಮನಸ್ಸು ಮಾಡದೆ ದೋಣಿ ಕದಲುವಂತಿರಲಿಲ್ಲ. ಇಷ್ಟೊಂದು ಅಧಿಕಾರವನ್ನು ಒಬ್ಬರ ಕೈಗೆ ಕೊಡಬಾರದಿತ್ತು ಎಂದು ಈಗ ಅನ್ನಿಸುತ್ತದೆ, ಆದರೆ ಆಗ ಅನ್ನಿಸಲಿಲ್ಲ, ಯಾಕೆಂದರೆ ಆರಂಭದಲ್ಲಿ ತಾವು ತೋರಿದ ಸೌಜನ್ಯ ಹಾಗಿತ್ತು. ಕೀಲಿ ಮುಟ್ಟಿದರೆ ಸಾಕು ಇಂಜಿನ್ನು ಗುಡುಗುತ್ತಿತ್ತು, ದೀಪ ಉರಿಯುತ್ತಿತ್ತು, ಹಾರನ್ನು ಕೂಗುತ್ತಿತ್ತು, ಕೆರೆಯ ಮೀನುಗಳೆಲ್ಲ ಹೆದರಿ ಆಚೆ ದಡಕ್ಕೆ ಓಡುತ್ತಿದ್ದವು. ಬಲೆಗೆ ಏನೂ ಬೀಳದಿದ್ದರೂ ನಾವು ಬಹಳ ಮುಂದುವರಿದವರಂತೆ ಕಾಣುತ್ತಿದ್ದೆವು.

ಬೇಸಿಗೆ ಬಂದು ಕೆರೆ ಇಳಿದಾಗ ದೋಣಿಯನ್ನು ದಡಕ್ಕೆಳೆದು ಹೊಂಗೆ ಮರದ ಕೆಳಗೆ ಮಗುಚಿ ಹಾಕಿದೆವು. ತಮ್ಮನ್ನು ಮಾತ್ರ ಹಾಗೆ ಬೀದಿಯಲ್ಲಿ ಬಿಡುವಂತಿರಲಿಲ್ಲ. ಬ್ಯಾಟರಿಯನ್ನು ಒಣಗಿದ ಜಾಗದಲ್ಲಿ, ನೆಲ ಬಿಟ್ಟು ಎತ್ತರದಲ್ಲಿ ಇಡತಕ್ಕದ್ದು ಎಂದು ಇಲಾಖೆಯವರು ಹೇಳಿ ಹೋಗಿದ್ದರು. ನಮ್ಮೂರಿನಲ್ಲಿ ಒಣಗಿದ, ಎತ್ತರದ, ಬೀಗ ಹಾಕುವ ಜಾಗವೆಂದರೆ ಸದಾಶಿವಯ್ಯನವರ ಮನೆಯ ಅಟ್ಟ ಒಂದೇ. ಸದಾಶಿವಯ್ಯನವರು ತೆಂಗಿನ ತೋಟದ ಯಜಮಾನರು. ಮೀನಿನ ವಾಸನೆ ಬಂದರೆ ಟವೆಲನ್ನು ಮೂಗಿಗೆ ಹಿಡಿದುಕೊಂಡೇ ನಮ್ಮ ಕೇರಿಯ ಕಷ್ಟಕ್ಕೆ ಎಲ್ಲರಿಗಿಂತ ಮುಂಚೆ ಬರುವಂಥವರು. ಅವರು ತಮ್ಮನ್ನು ಬಾವಿಯ ನೀರಿನಿಂದ ತೊಳೆಸಿ, ವಿಭೂತಿ ಹಚ್ಚಿ, ಅಟ್ಟದ ಮೇಲೆ ಕೊಬ್ಬರಿಗೆಂದು ಹರಡಿದ್ದ ಕಾಯಿಗಳ ನಡುವೆ ಜಾಗ ಮಾಡಿ ಕೂರಿಸಿದರು.

ಇಲ್ಲಿಂದ ಮುಂದಿನದನ್ನು ತಾವು ಶಾಂತಚಿತ್ತದಿಂದ ಕೇಳಬೇಕು. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗುವುದು ಅದರೊಳಗಿನ ನೀರು ಇಂಗಿದ ಮೇಲೆ. ಅದಕ್ಕಾಗಿ ಸದಾಶಿವಯ್ಯನವರು ಆಗಾಗ ಏಣಿ ಹತ್ತಿ, ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳುತ್ತಾರೆ. ನೀರು ಕುಲುಕಿದರೆ ಕಾಯಿ ಇನ್ನೂ ಎಳಸು, ನೀರಿನ ಸದ್ದಿಲ್ಲದೆ ಒಳಗೆ ಲೊಡಲೊಡ ಎಂದರೆ ಕೊಬ್ಬರಿ ಹದಕ್ಕೆ ಬಂತು. ತಿಪಟೂರಿನ ಮಾರ್ಕೆಟ್ಟಿನ ವರ್ತಕರೇ ಅವರ ಕಿವಿಗೆ ಕೈ ಮುಗಿಯುತ್ತಾರೆ. ಅಂಥ ಕಿವಿಯನ್ನು ಅವರು, ಪಕ್ಕದಲ್ಲೇ ಕುಳಿತಿರುವ ಅತಿಥಿಗೆ ಬೇಸರವಾಗಬಾರದೆಂದು, ತಮಗೂ ಕೊಟ್ಟರು. ತಮ್ಮನ್ನು ಓರೆ ಮಾಡಿ ಅಲ್ಲಾಡಿಸಿದರು, ಒಳಗೆ ನೀರು ಕುಲುಕಿತು. ಇನ್ನೂ ಎಳಸು ಎಂದು ತೀರ್ಮಾನಿಸಿ, ಗಾಳಿಯಾಡಿದರೆ ಬೇಗ ಇಂಗುತ್ತದೆಂದು ತಮ್ಮ ಆರು ಮುಚ್ಚಳಗಳನ್ನೂ ಬಿಚ್ಚಿಟ್ಟರು.

ಹೆಂಚಿನ ಕೆಳಗಿನ ಆ ಬೇಸಿಗೆಯನ್ನು ತಾವು ಹೇಗೆ ಸಹಿಸಿದಿರೋ ದೇವರಿಗೇ ಗೊತ್ತು. ಅಲ್ಲಾಡಿಸುವಾಗ ಚೆಲ್ಲಿದ್ದು ಅವರ ಪಂಚೆಯನ್ನು ಜರಡಿ ಮಾಡಿತು, ಉಳಿದದ್ದು ಆವಿಯಾಯಿತು. ಕೊನೆಗೊಂದು ದಿನ ಅವರು ಕೆರೆಯ ಏರಿಯವರೆಗೂ ನಡೆದು ಬಂದು, ಮಗಳ ಮದುವೆ ಗೊತ್ತಾದವರ ಮುಖ ಮಾಡಿಕೊಂಡು, "ನಿನ್ ಬ್ಯಾಟ್ರಿ ಹದಕ್ಕೆ ಬಂತು ಕಣ್ಲಾ ಬೋರ. ಒಂದ್ ತೊಟ್ಟು ನೀರಿಲ್ಲ. ಯಾವಾಗ್ ಬೇಕಾದ್ರೂ ಇಳಿಸ್ಕೊಂಡ್ ಹೋಗು" ಎಂದರು. ನನಗೂ ಸಂತೋಷವೇ ಆಯಿತು. ಈ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ, ನೀರು ಆರಿದ್ದು ಕೆಟ್ಟಿತು ಎಂಬ ಯೋಚನೆ ಹೇಗೆ ತಾನೇ ಬಂದೀತು ಸ್ವಾಮಿ?

ಮಳೆ ಬಂತು, ಕೆರೆ ತುಂಬಿತು, ತುಂಬಿದ ಕೆರೆಯ ಹಿಂದೆಯೇ ಇಲಾಖೆಯ ಇನ್‌ಸ್ಪೆಕ್ಟರ್ ಸಾಹೇಬರೂ ಬಂದರು. ಅವರು ನಗುವುದನ್ನು ಯಾರೂ ಕಂಡಿರಲಿಲ್ಲ. ಏರಿಯ ಮೇಲೆ ಜೀಪು ನಿಲ್ಲಿಸಿ, ಇಳಿಯದೆ, "ಬರೋ ವಾರ ನಾನು ಬರ್ತೀನಿ. ಈ ದಡದಿಂದ ಆ ತೂಬಿನವರೆಗೆ ನನ್ನನ್ನ ದೋಣಿಲಿ ಕರ್ಕೊಂಡು ಹೋಗ್ಬೇಕು. ಹೋದ್ರೆ ಇನ್ನೈದು ವರ್ಷ ಕೆರೆ ನಿಮ್ದು. ಕೊಟ್ಟ ದೋಣೀನೇ ನಡ್ಸಕ್ಕಾಗ್ದಿದ್ರೆ ಕಂಟ್ರಾಕ್ಟರ್‌ಗೆ ಬಿಟ್ಕೊಡ್ಬೇಕಾಗುತ್ತೆ" ಎಂದು ಹೇಳಿ ಹೊರಟುಹೋದರು. ಕಂಟ್ರಾಕ್ಟರನೆಂದರೆ, ನಮ್ಮ ಕೆರೆಯಲ್ಲಿ ನಮ್ಮನ್ನೇ ಕೂಲಿಗೆ ಕರೆಯುವವನು. ಆ ರಾತ್ರಿ ನಮ್ಮ ಕೇರಿಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಮಾರನೆಯ ಬೆಳಗ್ಗೆಯೇ ತಮ್ಮನ್ನು ದೋಣಿಯಲ್ಲಿ ಪ್ರತಿಷ್ಠಾಪಿಸಿ ಕೀಲಿ ತಿರುಗಿಸಿದೆ. ತಾವು ಮೌನವಾಗಿದ್ದಿರಿ. ದೊಡ್ಡವರ ಮೇಲೆ ಮೊದಲೇ ಅನುಮಾನ ಪಡಬಾರದೆಂದು ನಾನು ಚಿಕ್ಕವರಿಂದ ಶುರು ಮಾಡಿದೆ. ಬಲ್ಬು ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದೆ, ಒಳಗಿನ ತಂತಿ ನೆಟ್ಟಗಿತ್ತು. ಸ್ವಿಚ್ಚಿನೊಳಗೆ ಗೂಡು ಕಟ್ಟಿದ್ದ ಕಣಜವನ್ನು ಎಬ್ಬಿಸಿ ಕಳಿಸಿದೆ. ತಮ್ಮ ಕೊಂಬುಗಳ ಮೇಲೆ ಬೆಳೆದಿದ್ದ ಬಿಳಿಯ ಹಸಿರು ಪುಡಿಯನ್ನು ಕುಡುಗೋಲಿನಿಂದ ಹೆರೆದು, ಕೊಬ್ಬರಿ ಎಣ್ಣೆ ಸವರಿದೆ. ವೈರುಗಳನ್ನು ತುದಿಯಿಂದ ತುದಿಗೆ ಬೆರಳಿನಿಂದ ನೀವುತ್ತಾ ಬಂದೆ. ಇಷ್ಟೆಲ್ಲ ಮುಗಿದ ಮೇಲೂ ತಾವು ಒಂದು ಕಿಡಿಯನ್ನೂ ದಯಪಾಲಿಸದಿದ್ದಾಗ, ದಡದಲ್ಲಿ ಮಂಕರಿ ಇಟ್ಟುಕೊಂಡು ಕುಳಿತಿದ್ದ ತಿಮ್ಮಕ್ಕ, "ಬ್ಯಾರೆಲ್ಲಾರ್ನೂ ಬಿಚ್ಚಿ ನೋಡಿದ್ರಿ, ಆ ಅಟ್ಟದ್ ದೊರೇನ ಯಾಕ್ರೀ ಮುಟ್ಟಲ್ಲ?" ಎಂದಳು.

ಹಾಗೆ ತಾವು ತಿಪಟೂರಿಗೆ ಪ್ರಯಾಣ ಬೆಳೆಸಿದಿರಿ. ಬಸ್ಸಿನಲ್ಲಿ ತಮಗೆ ಕಿಟಕಿಯ ಪಕ್ಕದ ಸೀಟು, ಮಡಿಲಿಗೆ ಒಂದು ಗೋಣಿಚೀಲ. ನಾನು ಕಂಬಿ ಹಿಡಿದು ನಿಂತಿದ್ದೆ. ಜೊತೆಗೆ ಬಂದಿದ್ದ ಸದಾಶಿವಯ್ಯನವರು ತಿಪಟೂರಿನ ಬೀಗರ ಮನೆಗೆಂದು ಒಂದು ಗೊನೆ ಎಳನೀರು ತಂದಿದ್ದರು. ಬ್ಯಾಟರಿ ಅಂಗಡಿಯ ಏಕಾಂತಯ್ಯನವರು ತಮ್ಮೊಳಗೆ ಟಾರ್ಚು ಬಿಟ್ಟು ನೋಡಿ, "ಇದ್ರಲ್ಲಿ ನೀರೇ ಇಲ್ವಲ್ರೀ! ಬ್ಯಾಟ್ರಿ ನೀರು ನನ್ನತ್ರ ಖಾಲಿ ಆಗೈತೆ, ಬಸ್ ಸ್ಟ್ಯಾಂಡ್ ಹತ್ರ ತಗೊಂಡು ಹುಯ್ಕೊಂಡ್ ಬನ್ರಿ. ಬಾವೀದು ಕೆರೇದು ಆಗಲ್ಲ. ಕೈ ಸೋಕಿರಬಾರ್ದು, ಮಣ್ಣು ಸೋಕಿರಬಾರ್ದು, ಅಂಥಾ ನೀರಾಗ್ಬೇಕು" ಎಂದು ಹೇಳಿ ಕಳಿಸಿದರು.

ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ನೀರನ್ನು ಸೀಸೆಯಲ್ಲಿ ತುಂಬಿ ಮಾರುತ್ತಿದ್ದುದನ್ನು ಕಂಡು ಸದಾಶಿವಯ್ಯನವರಿಗೆ ಮೈ ಉರಿದುಹೋಯಿತು. "ನೀರು ಕೊಂಡ್ಕೋಳದೇನ್ಲಾ? ನೋಡ್ದೋರ್ ಏನಂದಾರು?" ಎಂದವರು, ಕೈ ಸೋಕದ, ಮಣ್ಣು ಸೋಕದ ನೀರು ಎಂಬ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡು, ಹೆಗಲ ಮೇಲಿನ ಗೊನೆಯನ್ನು ನೋಡಿದರು. ನಾನೂ ನೋಡಿದೆ. ದೇವರ ಅಭಿಷೇಕಕ್ಕೆ ಆಗುವ ನೀರು, ಕಾಯಿಲೆಯವರಿಗೆ ಡಾಕ್ಟರೇ ಹೇಳುವ ನೀರು, ಮರದ ತುದಿಯಲ್ಲಿ ಮೊಹರು ಮಾಡಿಟ್ಟ ನೀರು. ಅದಕ್ಕಿಂತ ಶುದ್ಧವಾದದ್ದು ಭೂಮಿಯ ಮೇಲೆ ಇದೆ ಎಂದು ತಾವಾದರೂ ನಮಗೆ ಯಾಕೆ ಹೇಳಲಿಲ್ಲ? ಅಲ್ಲೇ ಬೇವಿನ ಮರದ ನೆರಳಿನಲ್ಲಿ ಬೀಗರ ಎಳನೀರೆಲ್ಲವೂ ಕೋಣೆಗಿಷ್ಟರಂತೆ ತಮ್ಮ ಸೇವೆಗೆ ಸಂದಿತು. ಕೊನೆಯ ಬುರುಡೆಯ ಗಂಜಿಯನ್ನು ಮಾತ್ರ ನಾವಿಬ್ಬರೂ ತಿಂದೆವು.

ಏಕಾಂತಯ್ಯನವರು ನೀರು ತುಂಬಿದೆಯಲ್ಲ ಎಂದು ನಂಬಿ ತಮ್ಮನ್ನು ಚಾರ್ಜಿಗೆ ಹಾಕಿದರು. ಸ್ವಲ್ಪ ಹೊತ್ತಿಗೆ ತಾವು ಆರು ಬಾಯಿಗಳಿಂದಲೂ ನೊರೆ ಉಗುಳತೊಡಗಿದಿರಿ, ಅಂಗಡಿಯ ತುಂಬ ಆಲೆಮನೆಯ ವಾಸನೆ ಹರಡಿತು. "ಇದ್ಕೇನ್ ಕುಡಿಸಿದ್ರಿ, ನಿಜ ಹೇಳ್ರೀ" ಎಂದು ಏಕಾಂತಯ್ಯನವರು ಕೇಳಿದಾಗ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಸದಾಶಿವಯ್ಯನವರು, "ಎಳನೀರು ಕಣಪ್ಪ, ನಮ್ ತೋಟದ್ದೇ" ಎಂದರು. ಏಕಾಂತಯ್ಯನವರು ಚಾರ್ಜಿನ ವೈರು ಕಿತ್ತರು. ಆಮೇಲೆ ತಮ್ಮನ್ನು ತಲೆಕೆಳಗು ಮಾಡಿ ತೊಳೆದು, ಹೊಸ ಆಸಿಡ್ ಹುಯ್ದು, ಅಂಗಡಿಯಲ್ಲೇ ಇಟ್ಟುಕೊಂಡು ಆದಷ್ಟು ಉಪಚಾರ ಮಾಡಿದರು. ಪರೀಕ್ಷೆಯ ಹಿಂದಿನ ದಿನ ನಾನು ಕರೆತರಲು ಹೋದಾಗ, "ಒಳಗೆಲ್ಲಾ ಹೋಗೈತೆ. ಹಾರನ್ ಹೊಡೀಬೌದು, ಇಂಜಿನ್ ಎತ್ತಾಕೆ ಮಾತ್ರ ಆಗಲ್ಲ" ಎಂದರು. ಹೊಸ ಬ್ಯಾಟರಿಗೆ ನಾವು ಹಾಕಿದ ಅರ್ಜಿ ಇಲಾಖೆಯಲ್ಲಿ ಪರಿಶೀಲನೆಯಲ್ಲಿತ್ತು, ಈಗಲೂ ಇದೆ. ಊರಿನ ಒಂದೇ ಟ್ರಾಕ್ಟರಿನಿಂದ ಕಡ ತರೋಣವೆಂದರೆ, ಅದರ ಮಾಲೀಕರು ಬೆಳಗ್ಗೆ ತಳ್ಳಿ ಇಳಿಸುವುದಕ್ಕೆ ಅನುಕೂಲವಾಗಲೆಂದು ಸಂಜೆ ಅದನ್ನು ದಿಣ್ಣೆಯ ಮೇಲೆ ನಿಲ್ಲಿಸುವವರು. ತಮ್ಮ ವಂಶದವರು ಎಲ್ಲೆಲ್ಲೂ ಒಂದೇ ಎಂದು ಕಾಣುತ್ತದೆ.

ತಮ್ಮನ್ನು ಮರಳಿ ದೋಣಿಗೆ ಜೋಡಿಸಿದ ಸಂಜೆ ದೀಪವೂ ಬರಲಿಲ್ಲ, ಫ್ಯೂಸು ಹೋಗಿತ್ತು. ಪಂಪ್‌ಸೆಟ್ಟಿನ ಫ್ಯೂಸು ಹೋದಾಗಲೆಲ್ಲ ಸೈಕಲ್ಲಿನ ಬ್ರೇಕ್ ತಂತಿ ಸುತ್ತಿ ನೀರು ಹಾಯಿಸಿಕೊಳ್ಳುವ ಸದಾಶಿವಯ್ಯನವರು ಇಲ್ಲಿಯೂ ಅದನ್ನೇ ಸುತ್ತಿದರು. ಫ್ಯೂಸು ಭದ್ರವಾಯಿತು, ಅದರ ಬದಲು ವೈರುಗಳು ಸುಟ್ಟವು. ಮೈಮೇಲಿನ ರಬ್ಬರು ಕರಗಿ ಒಂದಕ್ಕೊಂದು ಅಂಟಿಕೊಂಡ ಮೇಲೆ, ತಮ್ಮ ಕೊಂಬಿಗೆ ವೈರು ತಾಗಿಸಿದರೆ ಸಾಕು, ಗುಂಡಿ ಒತ್ತದೆಯೇ ಹಾರನ್ನು ಬಡಿದುಕೊಳ್ಳತೊಡಗಿತು. ಇಂಜಿನ್ನು ಕೇಳಿದರೆ ಹಾರನ್ನು, ದೀಪ ಕೇಳಿದರೆ ಹಾರನ್ನು. ನಾನು ಏರಿಯ ಮೇಲೆ ಕುಳಿತುಬಿಟ್ಟೆ. ನಾಚಿಕೆ ಯಾಕೆ, ಅತ್ತೆ ಕೂಡ.

ನಾನು ಅಳುವುದನ್ನು ನೋಡಲಾಗದೆ ಸದಾಶಿವಯ್ಯನವರು ಮುಖ ತಿರುಗಿಸಿದರು. ತಿಮ್ಮಕ್ಕ ತಿರುಗಿಸಲಿಲ್ಲ. "ಯಜಮಾನ್ರೇ, ಅದೇ ಅಟ್ಟದ್ ಮ್ಯಾಲೆ ನಿಮ್ ಕಪಿಲೆ ಹಗ್ಗ ಐತಲ್ವಾ?" ಎಂದು ಕೇಳಿದಳು. ಕಪಿಲೆ ಎಂದರೆ ತಮಗೆ ತಿಳಿಯದಿರಬಹುದು. ತಮ್ಮ ಕರೆಂಟು ಈ ಕಡೆಗೆ ಬರುವ ಮೊದಲು, ಎತ್ತುಗಳು ಹಗ್ಗ ಎಳೆದು ಬಾವಿಯ ನೀರನ್ನು ಮೇಲೆತ್ತುತ್ತಿದ್ದವು, ಹೊಡೆಯುವವನು ಹಿಂದಿನಿಂದ ಹಾಡು ಹೇಳುತ್ತಿದ್ದ, ತೋಟ ನೆನೆಯುತ್ತಿತ್ತು. ಯಜಮಾನರ ಕಪಿಲೆಯನ್ನು ಹೊಡೆಯುತ್ತಿದ್ದವನು ನಾನೇ. ಪಂಪ್‌ಸೆಟ್ಟು ಬಂದ ಮೇಲೆ ಹಗ್ಗ ಅಟ್ಟ ಸೇರಿತು, ಎತ್ತುಗಳು ಮಾತ್ರ ಮುದಿಯಾಗಿ ಕೊಟ್ಟಿಗೆಯಲ್ಲೇ ಇದ್ದವು.

ಮುಂದಿನ ಏರ್ಪಾಡನ್ನು ಕಂಡಿದ್ದರೆ ತಾವು ಹೊಟ್ಟೆಕಿಚ್ಚು ಪಡುತ್ತಿದ್ದಿರಿ. ಕಪಿಲೆ ಹಗ್ಗ ಸಾಲದೆ ಮನೆಮನೆಯಿಂದ ದನದ ಹಗ್ಗ, ತೊಟ್ಟಿಲ ಹಗ್ಗ, ಮಿಕ್ಕವೆಲ್ಲ ಬಂದವು. ಎಲ್ಲವನ್ನೂ ಗಂಟಿಕ್ಕಿ, ಮುಳುಗಲೆಂದು ಅಲ್ಲಲ್ಲಿ ಬಲೆಯ ಗುಂಡು ಕಟ್ಟಿ, ದೋಣಿಯ ಮೂತಿಯಿಂದ ತೂಬಿನವರೆಗೆ ನೀರಿನಡಿಯಲ್ಲಿ ಬಿಟ್ಟೆವು. ತೂಬಿನ ಕಂಬಕ್ಕೆ ಕಪಿಲೆಯ ಗಾಲಿ ಕಟ್ಟಿ, ಅದರ ಮೇಲಿನಿಂದ ಹಗ್ಗವನ್ನು ಏರಿಯ ಆಚೆಗೆ ಇಳಿಸಿ, ತೋಟದ ದಾರಿಯಲ್ಲಿ ಎತ್ತುಗಳಿಗೆ ಹೂಡಿದೆವು. ಯಜಮಾನರು ಯಾರಿಗೂ ಕೊಡದೆ ಚಾವಟಿಯನ್ನು ತಾವೇ ಹಿಡಿದರು. ಏರಿಯ ಆಚೆ ಅವರಿಗೆ ದೋಣಿ ಕಾಣುವುದಿಲ್ಲವಾದ್ದರಿಂದ, ಹಾರನ್ನು ಕೂಗಿದರೆ ಎತ್ತು ಹೊಡೆಯುವುದು, ಹಾರನ್ನು ನಿಂತರೆ ಎತ್ತು ನಿಲ್ಲಿಸುವುದು ಎಂದು ಗೊತ್ತಾಯಿತು. ಹಾರನ್ನಿನ ಬಡಿತದಲ್ಲಿ ಇಂಜಿನ್ನಿನ ಸದ್ದಿಲ್ಲವೆಂಬುದೂ ಯಾರಿಗೂ ತಿಳಿಯುವಂತಿರಲಿಲ್ಲ. ಸರ್ಕಾರ ಕೊಟ್ಟಿದ್ದಕ್ಕೆ ಉಪಯೋಗ ಇರುತ್ತದೆಂದು ನಾನು ಹೇಳಿರಲಿಲ್ಲವೇ?

ಸಾಹೇಬರು ಬಂದು ಜೀಪನ್ನು ತೂಬಿನ ಕಡೆಗೆ ಕಳಿಸಿ, ಪ್ಯಾಂಟನ್ನು ಮೊಣಕಾಲಿಗೆ ಮಡಚಿ ದೋಣಿ ಹತ್ತಿದರು. ನಾನು ತಮ್ಮನ್ನು ನೆನೆದು ವೈರು ತಾಗಿಸಿದೆ. ಹಾರನ್ನು ಕೂಗಿತು, ದೋಣಿ ಒಮ್ಮೆ ಜಗ್ಗಿ ಗಂಭೀರವಾಗಿ ಹೊರಟಿತು. ಸಾಹೇಬರು ಕಿವಿ ಮುಚ್ಚಿಕೊಂಡು ನೀರನ್ನು ನೋಡುತ್ತಾ ಕುಳಿತರು. ಅರ್ಧ ಕೆರೆ ದಾಟಿದೆವು, ತೂಬಿನ ಕಂಬ ಕಾಣಿಸಿತು, ಕೆರೆ ನಮ್ಮದಾಯಿತು ಎಂದು ನಾನು ಉಸಿರು ಬಿಟ್ಟೆ. ಆ ಗಳಿಗೆಯನ್ನೇ ಆರಿಸಿಕೊಂಡು ತಾವು ಪ್ರಾಣ ಬಿಟ್ಟಿರಿ. ಹಾರನ್ನು ಕಾಯಿಲೆಯ ಕರುವಿನ ಹಾಗೆ ನರಳಿ ನಿಂತಿತು. ಮಾತಿಗೆ ತಪ್ಪದ ಸದಾಶಿವಯ್ಯನವರು ಏರಿಯ ಆಚೆ ಎತ್ತುಗಳನ್ನು ನಿಲ್ಲಿಸಿದರು. ನಡುನೀರಿನಲ್ಲಿ ದೋಣಿ, ದೋಣಿಯಲ್ಲಿ ಸಾಹೇಬರು, ದಡದ ತುಂಬ ನಮ್ಮ ಕೇರಿಯ ಜನ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ವೈರು ಬಿಚ್ಚಿ ಹಾಕಿದೆ, ತಮ್ಮನ್ನು ತಟ್ಟಿದೆ, ಬೇಡಿಕೊಂಡೆ. ಏನೂ ತೋಚದೆ ನಿಂತಿರುವಾಗ, ನನ್ನ ಗಂಟಲಿನಿಂದ ತಾನಾಗಿಯೇ ಕಪಿಲೆಯ ಹಾಡು ಹೊರಟಿತು. ಇಷ್ಟು ವರ್ಷ ಹೇಳದಿದ್ದ ಹಾಡು, ನಾಚಿಕೆಯಿಲ್ಲದೆ, ಕೆರೆಯ ನಾಲ್ಕು ಮೂಲೆಗೂ ಕೇಳುವ ಹಾಗೆ. ಎರಡನೆಯ ಸೊಲ್ಲಿಗೆ ದೋಣಿ ಜಗ್ಗಿತು. ಯಜಮಾನರು ಆಮೇಲೆ ಹೇಳಿದರು, ಅವರು ಚಾವಟಿ ಎತ್ತಿರಲೇ ಇಲ್ಲವಂತೆ. ಆ ಮುದಿ ಎತ್ತುಗಳು ಕಿವಿ ನಿಮಿರಿಸಿ, ಹಳೆಯ ಬಾವಿಯ ಇಳಿಜಾರಿನಲ್ಲಿ ನಡೆದ ಹಾಗೆ, ತಾವಾಗಿಯೇ ಹೊರಟವಂತೆ. ಸಾಹೇಬರು ನನ್ನ ಕಡೆ ತಿರುಗಿ, "ಯಾಕೆ ಹಾಡ್ತಿದೀರಿ?" ಎಂದರು. "ಹಾಡಿದ್ರೇನೇ ಸ್ವಾಮಿ ಈ ಇಂಜಿನ್ ಹೊರಡೋದು" ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ತೂಬು ಮುಟ್ಟಿ, ನಾನು ದೋಣಿಯ ಮೂತಿಯ ಹಗ್ಗವನ್ನು ಬಿಚ್ಚಿಬಿಟ್ಟ ಮೇಲೆ, ಸಾಹೇಬರು ಏರಿ ಹತ್ತಿ ನಿಂತು, ತೋಟದ ದಾರಿಯ ಕಡೆ ಬಹಳ ಹೊತ್ತು ನೋಡಿದರು. ದೂರದಲ್ಲಿ ಸದಾಶಿವಯ್ಯನವರು, ಏನೂ ಅರಿಯದವರಂತೆ, ಹಗ್ಗದ ಸಮೇತ ಎತ್ತುಗಳನ್ನು ಹೊಡೆದುಕೊಂಡು ಹೋಗುತ್ತಲೇ ಇದ್ದರು. ಸಾಹೇಬರು ಜೀಪು ಹತ್ತಿ, ಬಾಗಿಲು ಹಾಕಿಕೊಂಡು, ಆಮೇಲೆ ಕತ್ತು ಹೊರಗಿಟ್ಟು, "ನಮ್ಮಪ್ಪಾಜಿ ಹತ್ರಾನೂ ಇಂಥದೇ ಇಂಜಿನ್ ಇತ್ತು ಬೋರಯ್ಯನೋರೇ. ಕೆರೆ ನಿಮ್ದೇ, ಹೋಗಿ ಮೀನು ಹಿಡೀರಿ. ಬಲಗಡೇದು ಮಾತ್ರ ಸ್ವಲ್ಪ ಕುಂಟ್ತಾ ಐತೆ, ಲಾಳ ಕಟ್ಟಿಸಿ" ಎಂದರು. ಆಗಲೂ ಅವರು ನಗಲಿಲ್ಲ.

ಪರವಾನಗಿ ಬಂದಿದೆ. ನಾವು ಹರಿಗೋಲಿನಲ್ಲಿ ಮೊದಲಿನಂತೆ ಬಲೆ ಬೀಸುತ್ತಿದ್ದೇವೆ, ಮೀನುಗಳೂ ಆಚೆ ದಡದಿಂದ ವಾಪಸು ಬಂದಿವೆ. ಆದಕಾರಣ ಸಂಘದ ಪರವಾಗಿ ತಮ್ಮಲ್ಲಿ ನಮ್ರ ವಿನಂತಿಯೇನೆಂದರೆ, ಐದು ವರ್ಷದ ನಂತರ ಮುಂದಿನ ಪರೀಕ್ಷೆಯ ವೇಳೆಗೆ ತಾವು ದಯವಿಟ್ಟು ಒಂದು ಹಾಡನ್ನಾದರೂ ಕಲಿತಿರಬೇಕು, ಅಥವಾ ಹುಲ್ಲು ತಿನ್ನುವುದನ್ನು ಅಭ್ಯಾಸ ಮಾಡಿಕೊಂಡಿರಬೇಕು. ಎರಡೂ ಆಗದಿದ್ದರೆ, ಸಾಯುವ ಮುನ್ನ ಒಂದು ಮಾತು ತಿಳಿಸಿ ಸಾಯುವ ಕೃಪೆ ಮಾಡಬೇಕು. ಬಲಗಡೆಯ ಎತ್ತಿಗೆ ಲಾಳ ಕಟ್ಟಿಸಿದ್ದೇವೆ ಎಂಬುದನ್ನೂ ತಮ್ಮ ಗಮನಕ್ಕೆ ತರುತ್ತಿದ್ದೇನೆ.

ನಡುನೀರಿನಲ್ಲಿಯೂ ತಮ್ಮನ್ನು ನಂಬಿದ್ದ,
ತಮ್ಮ ವಿಶ್ವಾಸಿ,
ಬೋರಯ್ಯ
ಕಾರ್ಯದರ್ಶಿ, ದೊಡ್ಡಕೆರೆ ಮೀನುಗಾರರ ಸಂಘ

ಮರೆತ ಮಾತು: ಸದಾಶಿವಯ್ಯನವರ ಅಟ್ಟದ ಕಾಯಿಗಳನ್ನು ಹೋದ ವಾರ ಇಳಿಸಿ ಸುಲಿದರು. ಬೇಸಿಗೆಯೆಲ್ಲ ತಮ್ಮ ಎಡಬಲದಲ್ಲಿ ಕುಳಿತಿದ್ದ ಕಾಯಿಗಳು ಒಂದೂ ಬಿಡದೆ ಒಳ್ಳೆಯ ಕೊಬ್ಬರಿಯಾಗಿ, ತಿಪಟೂರಿನ ಮಾರ್ಕೆಟ್ಟಿನಲ್ಲಿ ಯಜಮಾನರ ಹೆಸರು ಉಳಿಸಿದವು. ಅಷ್ಟು ಒಳ್ಳೆಯ ಸಹವಾಸದಲ್ಲಿದ್ದೂ ಏನೂ ಆಗದವರು ತಾವೊಬ್ಬರೇ ಎಂದು ಅವರು ಬಹಳ ನೊಂದುಕೊಂಡು, ಬರುವ ಬೇಸಿಗೆಗೆ ಇನ್ನೊಂದು ಸಲ ತಮ್ಮನ್ನು ಅಟ್ಟದ ಮೇಲೆ ಇಟ್ಟು ನೋಡುತ್ತೇನೆ ಎನ್ನುತ್ತಿದ್ದಾರೆ. ನಾನು ಬೇಡ ಎಂದಿಲ್ಲ.